ಮೂಕಪ್ರಾಣಿಯ ಓಟವೂ ಶರಣರ ದಯೆಯೂ

ಕನಕಪುರ ತಾಲ್ಲೂಕಿನ ಸಾತನೂರು ಹೋಬಳಿಯು ರಾಗಿ, ಹುರುಳಿ, ರೇಷ್ಮೆಗಳ ನಾಡು. ಕಬ್ಬಾಳದುರ್ಗದ ಆಸುಪಾಸಿನ ಈ ಹಳ್ಳಿಗಳಲ್ಲಿ ಹಳ್ಳಿಕಾರ್ ತಳಿಯ ಜೋಡೆತ್ತುಗಳು ಒಕ್ಕಲಿನ ಮನೆಗೆ ಮಕ್ಕಳಿಗೆ ಸಮಾನ. ನೇಗಿಲಿಗೆ ಹೆಗಲು ಕೊಡುವ ಅದೇ ಎತ್ತನ್ನು ಮೈಸೂರು ಸೀಮೆಯ ಹಲವೆಡೆ ಗಾಡಿಯ ಓಟದ ಪಂದ್ಯಕ್ಕೂ ಕಟ್ಟುವುದುಂಟು. ಇದು ಧರ್ಮವೋ ಅಲ್ಲವೋ ಎಂಬುದು ಭಕ್ತರು ವಿಚಾರಿಸತಕ್ಕ ವಿಷಯ.

ಕಾನೂನು ಈ ವಿಚಾರದಲ್ಲಿ ಎರಡು ಬಗೆಯಾಗಿ ನುಡಿದಿದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳನ್ನು ನಿಷೇಧಿಸಿತು. ಕರ್ನಾಟಕವು 2017ರ ತಿದ್ದುಪಡಿಯ ಮೂಲಕ ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕಲ್ಪಿಸಿತು. 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಕಾನೂನು ಬಿಟ್ಟುಕೊಟ್ಟುದೆಲ್ಲವೂ ಧರ್ಮವಾಗಲಾರದು. ಕಾನೂನು ಹೊರಗಿನ ಬೇಲಿ. ದಯೆಯು ಒಳಗಿನ ಬೆಳೆ.

ಪಂದ್ಯವನ್ನು ಮೆಚ್ಚುವವರು ಎರಡು ಮಾತು ಹೇಳುವರು. ಎತ್ತಿಗೆ ಓಡುವುದೇ ಹಿಗ್ಗು ಎಂಬುದೊಂದು. ಟ್ರ್ಯಾಕ್ಟರಿನ ಈ ಕಾಲದಲ್ಲಿ ಪಂದ್ಯವಿಲ್ಲದಿದ್ದರೆ ತಳಿಯೇ ಅಳಿದೀತೆಂಬುದು ಇನ್ನೊಂದು. ಇವೆರಡೂ ಹುರುಳಿಲ್ಲದ ಮಾತುಗಳಲ್ಲ. ಆದುದರಿಂದಲೇ ಇವನ್ನು ಒರೆಗೆ ಹಚ್ಚಬೇಕು.

ಇದಕ್ಕೆ ದೂರದ ಅಲಾಸ್ಕದ ಒಂದು ನಿದರ್ಶನವುಂಟು. ಹಿಮವು ದಾರಿಗಳನ್ನೆಲ್ಲ ಮುಚ್ಚಿದಾಗ ಅಲ್ಲಿ ನಾಯಿಗಳು ಜಾರುಬಂಡಿ ಎಳೆಯುತ್ತಿದ್ದವು. 1925ರಲ್ಲಿ ನೋಮ್ ಎಂಬ ಊರಿನಲ್ಲಿ ಗಂಟಲಮಾರಿ ಹಬ್ಬಿತು. ಆಗ ಸುಮಾರು 20 ಮಂದಿ ಸವಾರರೂ 150 ನಾಯಿಗಳೂ ಸೇರಿ 1085 ಕಿಲೋಮೀಟರು ದೂರವನ್ನು ಐದೂವರೆ ದಿನಗಳಲ್ಲಿ ಕ್ರಮಿಸಿ ಔಷಧವನ್ನು ಮುಟ್ಟಿಸಿದರು. ಒಂದು ತಂಡ ದಣಿದಲ್ಲಿ ಇನ್ನೊಂದು ತಂಡವು ಹೊರೆಯನ್ನು ಪಡೆಯಿತು. ಮಕ್ಕಳ ಪ್ರಾಣ ಉಳಿಯಿತು. 1973ರಿಂದ ನಡೆದುಬಂದಿರುವ ಇಡಿಟರಾಡ್ ಎಂಬ ಪಂದ್ಯದಲ್ಲಿಯಾದರೋ ಒಂದೇ ತಂಡವು ಸುಮಾರು 1600 ಕಿಲೋಮೀಟರು ಓಡಬೇಕು. ಕಡ್ಡಾಯ ವಿಶ್ರಾಂತಿಯುಂಟು, ಪಶುವೈದ್ಯರುಂಟು, ಬಳಲಿದ ನಾಯಿಯನ್ನು ನಡುದಾರಿಯ ಠಾಣೆಯಲ್ಲಿ ಬಿಡುವ ಏರ್ಪಾಡೂ ಉಂಟು. ಆದರೂ ನಾಯಿಗಳು ಸತ್ತ ವರ್ಷಗಳುಂಟು. ನಾಯಿಗೆ ಓಟ ಪ್ರಿಯವೆಂಬುದು ಅಲ್ಲಿಯೂ ಹೇಳುವ ಮಾತೇ. ಓಟ ಪ್ರಿಯವಾದರೂ ಎಲ್ಲಿ ನಿಲ್ಲಬೇಕೆಂಬುದನ್ನು ನಾಯಿ ನಿರ್ಧರಿಸುವುದಿಲ್ಲ, ಗೆಲ್ಲಬೇಕೆಂದಿರುವವನು ನಿರ್ಧರಿಸುತ್ತಾನೆ. ದೋಷದ ಬೇರು ಇಲ್ಲಿದೆ.

ಎತ್ತಿಗೂ ಈ ಅಳತೆಯೇ ಸಲ್ಲುವುದು. ಉಳುವ ಎತ್ತು ಒಡೆಯನೊಡನೆ ಕಾಯಕದಲ್ಲಿ ಪಾಲುಗಾರ. ಬೆಳೆದ ರಾಗಿಯ ಹುಲ್ಲು ಅದರ ಗೊಂದಿಗೆಗೂ ಬರುವುದು. ಪಂದ್ಯದ ಬಹುಮಾನವೂ ಜಯಘೋಷವೂ ಒಡೆಯನವು. ಎತ್ತಿನ ಪಾಲಿಗೆ ಉಳಿಯುವುದು ಏದುಸಿರು. ತಾನಾಗಿ ಹಿಗ್ಗಿ ಓಡುವ ಎತ್ತಿಗೆ ಚಾವಟಿಯೇಕೆ, ಬಾಲ ತಿರುಚುವುದೇಕೆ, ಮೊಳೆಯಿಂದ ತಿವಿಯುವುದೇಕೆ? ತಿವಿದಲ್ಲದೆ ಓಡದೆಂದಾದರೆ ಹಿಗ್ಗಿನ ಮಾತು ಅಲ್ಲಿಗೇ ಸುಳ್ಳಾಯಿತು. ತಳಿ ಉಳಿಯಬೇಕೆಂಬುದು ದಿಟ. ಅದನ್ನು ಉಳುಮೆಯಿಂದಲೂ, ಗೊಬ್ಬರದ ಬೆಲೆಯನ್ನರಿತು ಸಾಕುವುದರಿಂದಲೂ, ಸಿದ್ಧಗಂಗೆಯ ಜಾತ್ರೆಯಂತಹ ದನಗಳ ಪರಿಷೆಗಳಿಂದಲೂ ಉಳಿಸಬಹುದು. ತಳಿಯ ಹೆಸರಿನಲ್ಲಿ ಕಣ್ಣೆದುರಿನ ಒಂದು ಜೀವದ ನೋವನ್ನು ಮರೆಯುವುದು ಭಕ್ತನಿಗೆ ತರವಲ್ಲ.

ಬಸವನೆಂದರೆ ವೃಷಭನೇ. ಶಿವಾಲಯದ ನಂದಿಯು ಎಲ್ಲಿಯೂ ಓಡುತ್ತಿಲ್ಲ. ಲಿಂಗದ ಕಡೆಗೆ ಮುಖಮಾಡಿ ಶಾಂತವಾಗಿ ಕುಳಿತಿದೆ. ಬಸವಾದಿ ಶರಣರು ದಯೆಯನ್ನು ಧರ್ಮದ ಬುಡದಲ್ಲಿಟ್ಟರು. ಅದನ್ನು ಮನುಷ್ಯರಿಗಷ್ಟೇ ಸೀಮಿತಗೊಳಿಸದೆ ಸಕಲ ಜೀವಿಗಳಿಗೂ ಹರಡಿದರು. ಪ್ರಾತಃಕಾಲದಲ್ಲಿ ಇಷ್ಟಲಿಂಗವನ್ನು ಪೂಜಿಸಿದ ಕೈಯೇ ಸಂಜೆ ಮೂಕಪ್ರಾಣಿಯ ಬೆನ್ನ ಮೇಲೆ ಬಾಸುಂಡೆ ಬರಿಸಿದರೆ, ಆ ಪೂಜೆಯು ಯಾರಿಗೆ ಸಂದಿತು? ಕರಸ್ಥಲದ ಲಿಂಗವೂ ಎತ್ತಿನ ಒಡಲಿನ ಪ್ರಾಣವೂ ಬೇರೆಯೆಂದು ಬಗೆದವನಿಗೆ ಲಿಂಗದ ಅರಿವು ಇನ್ನೂ ಆಗಿಲ್ಲ.

ಆದುದರಿಂದ ಎತ್ತನ್ನು ಕಟ್ಟುವ ಮುನ್ನ ಒಡೆಯನು ತನ್ನನ್ನು ತಾನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದು ನಿಂತರೆ ನಾನೂ ನಿಲ್ಲುವೆನೆ? ಸೋಲನ್ನೊಪ್ಪಿ ಹಗ್ಗ ಸಡಿಲಿಸಬಲ್ಲವನಿಗೆ ಎತ್ತಿನ ಒಡೆತನ ಸಲ್ಲುತ್ತದೆ. ಒಪ್ಪಲಾರದವನು ಗೆದ್ದರೂ ಸೋತವನೇ. ಪರಶಿವನು ಸರ್ವರಿಗೂ ಈ ಸನ್ಮತಿಯನ್ನು ಕರುಣಿಸಲಿ.