ಇಳಿಯುವ ಮೊದಲೇ ಏರಿನ ಲೆಕ್ಕ

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಯುವಕರು ಕೆಲವು ದಿನಗಳಿಂದ ಒಂದು ಮಾತು ಎತ್ತಿದ್ದಾರೆ. ಚಳಿ ಇರುವಾಗಲೇ ನಲ್ಲಮಲ ಕಾಡಿನ ದಾರಿಯಲ್ಲಿ ಒಂದು ದಿನ ನಡೆದು ಬರೋಣ ಎಂದು. ಹಿರಿಯರೊಬ್ಬರು ಕೂಡಲೇ ಕೇಳಿದರು: "ಅದು ಮಲ್ಲಯ್ಯನ ಪಾದಯಾತ್ರಿ ದಾರಿ. 22 ಪ್ರತಿಜ್ಞಾ ತಗೊಂಡ ಮ್ಯಾಲ ಮತ್ತ ಅಲ್ಲಿಗ್ಯಾಕ?"

ಕೇಳಬೇಕಾದ ಪ್ರಶ್ನೆಯೇ. ಯುಗಾದಿಗೆ ನಮ್ಮ ಊರುಗಳಿಂದ ಹೊರಟವರು ಆತ್ಮಕೂರು, ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು ದಾಟಿ ಭೀಮನಕೊಳ್ಳಕ್ಕೆ ಇಳಿದು, ಕೈಲಾಸ ದ್ವಾರಕ್ಕೆ ಏರಿ ಶ್ರೀಶೈಲ ಸೇರುತ್ತಾರೆ. ಅವರ ಶ್ರದ್ಧೆ ಅವರದು. ನಾವು ಹೊರಟಿರುವುದು ಹರಕೆಗಲ್ಲ. ಕಾಡಿನಲ್ಲಿ ನಡೆದ ಮಾತ್ರಕ್ಕೆ ಪ್ರತಿಜ್ಞೆ ಮುರಿಯುವುದಿಲ್ಲ. ಆಲಮಟ್ಟಿಯ ಕೃಷ್ಣೆ, ಇಂಡಿ ಸಿಂದಗಿಯ ಭೀಮೆ ಎರಡೂ ಕೂಡಿ ಹರಿಯುವುದು ಆ ಬೆಟ್ಟಗಳ ನಡುವೆಯೇ. ಅದೇ ಹೊಳೆ ಇನ್ನೂ ಕೆಳಕ್ಕೆ ಹರಿದಲ್ಲಿ ನಾಗಾರ್ಜುನಕೊಂಡ ಇದೆ. 3ನೇ ಶತಮಾನದಲ್ಲಿ ಬೋಧಿಸಿರಿ ಎಂಬ ಉಪಾಸಿಕೆ ಅಲ್ಲಿ ಚೈತ್ಯ ಕಟ್ಟಿಸಿ, ಬೇರೊಂದು ಕಡೆ ಕೆರೆ ಮಾಡಿಸಿದ್ದನ್ನೂ ಸೇರಿಸಿ ಶಾಸನ ಬರೆಸಿದ್ದಾಳೆ. ಅದರಲ್ಲಿ ಬನವಾಸಿಯ ಹೆಸರೂ ಬರುತ್ತದೆ. ನಮಗೆ ಹೊಸ ಸೀಮೆಯೇನಲ್ಲ.

ಈಗ ನಡಿಗೆಯ ಮಾತು. ಇಡೀ ದಾರಿ ಒಂದು ದಿನಕ್ಕೆ ಆಗದು. ಶ್ರೀಶೈಲದ ಕಡೆಯಿಂದ ಕೈಲಾಸ ದ್ವಾರಕ್ಕೆ ಹೋಗಿ, ಭೀಮನಕೊಳ್ಳಕ್ಕೆ ಇಳಿದು, ಅದೇ ದಾರಿಯಲ್ಲಿ ಮರಳುವುದು ಒಂದು ದಿನಕ್ಕೆ ಒಗ್ಗುತ್ತದೆ. ಪಾದಯಾತ್ರೆಯವರ ಕೊನೆಯ ಏರು ನಮಗೆ ಮೊದಲ ಇಳಿಜಾರು. ಮೋಸ ಇರುವುದು ಇಲ್ಲೇ. ಬೆಟ್ಟ ಹತ್ತುವವನಿಗೆ ದಣಿವು ಮೊದಲೇ ಎಚ್ಚರಿಕೆ ಕೊಡುತ್ತದೆ, ಕೊಳ್ಳಕ್ಕೆ ಇಳಿಯುವವನಿಗೆ ಕೊಡುವುದಿಲ್ಲ. ಬೆಳಗಿನ ತಂಪಿನಲ್ಲಿ ಸೆಲ್ಫಿ ತೆಗೆಯುತ್ತ ಇಳಿಯುತ್ತೇವೆ. ಮಧ್ಯಾಹ್ನ ಬಿಸಿಲಿನಲ್ಲಿ ಅದೇ ಕಲ್ಲಿನ ಮೆಟ್ಟಿಲು ಎದುರಿಗೆ ನಿಂತಿರುತ್ತವೆ, ಬಾಟಲಿ ಖಾಲಿ. ಪಮಾದ ಎಂದರೆ ಮೈಮರೆವು. ಅದು ಕಷ್ಟದಲ್ಲಿ ಬರುವುದಕ್ಕಿಂತ ಇಂಥ ಸುಲಭದ ಇಳಿಜಾರಿನಲ್ಲೇ ಹೆಚ್ಚು ಬರುತ್ತದೆ.

ಆದ್ದರಿಂದ ಯಾರು ಇಳಿಯಬೇಕು, ಎಷ್ಟು ಗಂಟೆಗೆ ತಿರುಗಬೇಕು ಎಂಬುದು ಮೇಲೆಯೇ ತೀರ್ಮಾನವಾಗಲಿ. ಅರ್ಧಕ್ಕಿಂತ ಹೆಚ್ಚು ನೀರು ಏರಿಗೆಂದು ಮೀಸಲಿರಲಿ. ಕೊಳ್ಳದ ನೀರು ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಭಿಕ್ಷುವಿನ ಎಂಟು ಪರಿಕರಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು ಎಂಬುದು ನೆನಪಿರಲಿ.

ನನಗೆ ಹೆಚ್ಚು ಚಿಂತೆ ಇರುವುದು ಬೇರೆ ವಿಷಯದ್ದು. ದಣಿದವರು ದಣಿದಿದ್ದೇನೆ ಎಂದು ಹೇಳುತ್ತಾರೆಯೇ? ನಮ್ಮ ಅಪ್ಪ ಅವ್ವ, ಅಜ್ಜ ಅಮ್ಮ ಇನ್ನೊಬ್ಬರ ಹೊಲದಲ್ಲಿ ದುಡಿದವರು. ಎರಡು ನಿಮಿಷ ಕುಂತರೆ ಬೈಗುಳ. ಆ ಅಂಜಿಕೆ ಮೈಯಲ್ಲಿ ಇಳಿದುಬಂದಿದೆ. ಮೊಣಕಾಲು ನೋಯುತ್ತಿದ್ದರೂ "ಏನಿಲ್ಲ ತಮ್ಮಾ, ನಡೀರಿ" ಅನ್ನುವ ಅಕ್ಕಂದಿರು, ಕಾಕಾಗಳು ನಮ್ಮಲ್ಲಿ ಬಹಳ ಮಂದಿ.

ಮಹಾಪರಿನಿಬ್ಬಾಣ ಸುತ್ತದಲ್ಲಿ ಭಗವಾನ್ ಬುದ್ಧರ ಕೊನೆಯ ನಡಿಗೆ ಬರುತ್ತದೆ. 80 ವರ್ಷ, ಚುಂದನ ಮನೆಯ ಊಟದ ನಂತರ ಕಾಯಿಲೆ. ಕುಸಿನಾರದ ದಾರಿಯಲ್ಲಿ ಒಂದು ಮರದ ಕೆಳಗೆ ಸಂಘಾಟಿ ಮಡಿಸಿ ಹಾಸಲು ಆನಂದರಿಗೆ ಹೇಳುತ್ತಾರೆ. ದಣಿವಾಗಿದೆ, ಕೂರುತ್ತೇನೆ, ನೀರು ಬೇಕು ಅನ್ನುತ್ತಾರೆ. ಹಳ್ಳದಲ್ಲಿ ಈಗಷ್ಟೇ 500 ಬಂಡಿ ದಾಟಿವೆ, ನೀರು ರಾಡಿಯಾಗಿದೆ ಎಂದು ಆನಂದರು ಹಿಂಜರಿದರೆ ಮತ್ತೆ ಕೇಳುತ್ತಾರೆ, ಮೂರನೆಯ ಸಲವೂ ಕೇಳುತ್ತಾರೆ. ಪಾವಾದಿಂದ ಕುಸಿನಾರಕ್ಕೆ ಬರುವಷ್ಟರಲ್ಲಿ 25 ಕಡೆ ಕೂತರು ಎನ್ನುತ್ತದೆ ಅಟ್ಠಕಥೆ. ಸಂಘವೆಲ್ಲ ಜೊತೆಗಿತ್ತು. ಲೋಕಗುರು ಅಷ್ಟು ಜನರೆದುರು ಕೂರಲು ನಾಚಲಿಲ್ಲ, ನೀರು ಕೇಳಲು ನಾಚಲಿಲ್ಲ.

ಹಾಗಾಗಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿರಲಿ. ಅವರು ಕೂತಲ್ಲಿ ಎಲ್ಲರೂ ಕೂರುವುದು. ಕೊಳ್ಳಕ್ಕೆ ಇಳಿಯದೆ ಮೇಲೆಯೇ ಉಳಿಯುವವರ ಜೊತೆ ಇಬ್ಬರು ಯುವಕರು ಉಳಿಯಬೇಕು, ಮುಖ ಸಣ್ಣ ಮಾಡದೆ. (ಈ ಕೊನೆಯದು ನಡೆಯುವುದಕ್ಕಿಂತ ಕಷ್ಟ!)

ಇದು ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಒಪ್ಪಿಗೆ ಕೇಳಿದ ಮೇಲೆಯೇ ದಿನಾಂಕ. ಹೊಸ ಬೂಟು ಬೇಡ, ಸವೆದು ಕಾಲಿಗೆ ಹೊಂದಿದ್ದೇ ಇರಲಿ. ಕಟಕ ರೊಟ್ಟಿ, ಶೇಂಗಾ ಹಿಂಡಿ ಸಾಕು. ಪ್ಲಾಸ್ಟಿಕ್ ಒಯ್ದಷ್ಟೂ ವಾಪಸ್ ತರುವುದು. ಬಿಪಿ, ಶುಗರ್, ಮೊಣಕಾಲು ನೋವು ಇದ್ದವರು ಗುಂಪಿನಲ್ಲಿ ಬರೆಯಲು ಮುಜುಗರವಾದರೆ ಸಂಯೋಜಕರಿಗೆ ಬೇರೆಯಾಗಿ ತಿಳಿಸಿ. ನಿಮ್ಮ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳುತ್ತೇವೆ.

ಭವತು ಸಬ್ಬ ಮಂಗಲಂ 🌸
ಜೈಭೀಮ್