ಹುಡುಗನ ಹಿತವೋ, ನಮ್ಮ ಖುಷಿಯೋ?

"ಇನ್ನೆರಡು ವರ್ಷ ಕಾಲೇಜಲ್ಲಿ ಆಡಿದ್ರೆ ಪಳಗ್ತಿದ್ದ." ಎನ್‌ಬಿಎ ನೋಡುವ ನಾವು ಸಲೀಸಾಗಿ ಹೇಳ್ತೀವಿ.

2001ರಲ್ಲಿ ಕ್ವಾಮಿ ಬ್ರೌನ್ ಹೈಸ್ಕೂಲಿನಿಂದ ನೇರವಾಗಿ ಬಂದು ಡ್ರಾಫ್ಟಿನ ಮೊದಲ ಆಯ್ಕೆಯಾದ. ನಿರೀಕ್ಷಿಸಿದಷ್ಟು ಆಡಲಿಲ್ಲ. ಅಭಿಮಾನಿಗಳಿಗೆ ಅವನ ಹೆಸರು ಇವತ್ತಿಗೂ ಜೋಕು. ಆದರೆ ಅವನು 12 ಸೀಸನ್ ಸಂಬಳ ತಗೊಂಡು ಆಡಿದ ಮನುಷ್ಯ!

2006ರ ಡ್ರಾಫ್ಟಿನಿಂದ ನಿಯಮ ಬದಲಾಯ್ತು: ಆ ವರ್ಷದೊಳಗೆ 19 ತುಂಬಬೇಕು, ಅಮೆರಿಕದ ಹುಡುಗ ಹೈಸ್ಕೂಲು ಮುಗಿಸಿ ಒಂದು ವರ್ಷವಾದರೂ ಕಾಯಬೇಕು. ಕಾಲೇಜಿಗೆ ಆಡಿದರೆ ಆಗೆಲ್ಲ ಸ್ಕಾಲರ್‌ಶಿಪ್ ಇತ್ತು, ಸಂಬಳ ಇರಲಿಲ್ಲ. ಟಿಕೆಟ್ ದುಡ್ಡು ಕಾಲೇಜಿಗೆ. ಮೊಣಕಾಲು ಹೋದರೆ? ಅದು ಹುಡುಗನದು.

ನನಗೆ ಬಿಇ ಮುಗಿಯುವ ಮುಂಚೆ ಆಫರ್ ಬಂದಾಗ "ಇನ್ನೊಂದು ವರ್ಷ ಪುಕ್ಕಟೆ ದುಡಿ, ಪಳಗು" ಅಂತ ಯಾರಾದರೂ ಅಂದಿದ್ದರೆ, ಅಪ್ಪ ಜಗಲಿಯಿಂದಲೇ ವಾಪಸ್ ಕಳಿಸ್ತಿದ್ದರು. ಆದರೂ, ಹತ್ತೊಂಬತ್ತರ ಹುಡುಗ ಚೆಂಡು ಕೈಬಿಟ್ಟಾಗ ನನ್ನ ಬಾಯಿಂದಲೂ ಮೊದಲು ಬರೋದು ಅದೇ ಮಾತು.