ಹುಟ್ಟಿನ ಮೇಲಿನ ಗುಮಾನಿ

ಹುಬ್ಬಳ್ಳಿಯಲ್ಲೂ ಗದಗದಲ್ಲೂ ಸೆಟ್ಲ್‌ಮೆಂಟ್ ಎಂದೇ ಜನ ಕರೆಯುವ ಬಡಾವಣೆಗಳಿವೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಕಾಲದಲ್ಲಿ ಅಲೆಮಾರಿ ಸಮುದಾಯಗಳನ್ನು ಕೂಡಿಹಾಕಿದ್ದ ಜಾಗಗಳವು. ಕರೆದಾಗ ಹಾಜರಿ ಹಾಕಬೇಕು, ಊರು ದಾಟಲು ಪಾಸು ಬೇಕು. ಕದ್ದವನಿಗೂ ಕದಿಯದವನಿಗೂ ಒಂದೇ ಕಟ್ಟಳೆ. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಕರ್ನಾಟಕದ್ದು 1961ರದು.

ಪೊಲೀಸರಿಗೂ ಇಂಥ ಸಮುದಾಯಗಳಿಗೂ ಸಂಬಂಧ ಸುಧಾರಿಸಬೇಕೆಂಬ ಮಾತು ಬಂದಾಗಲೆಲ್ಲ ಸಭೆ ಕರೆಯುತ್ತೇವೆ, ‘ಇಲಾಖೆಯನ್ನು ನಂಬಿ’ ಎನ್ನುತ್ತೇವೆ. ಪೆಟ್ಟು ತಿಂದವರೇ ಮೊದಲು ನಂಬಬೇಕೆನ್ನುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬ ಮಾಡಿದ ಕೆಲಸದ ಮೇಲೆ ಅನುಮಾನ ಬಂದರೆ ಅವನು ಸಾಕ್ಷಿ ಕರೆಸಿ ತೊಳೆದುಕೊಳ್ಳಬಹುದು. ಹುಟ್ಟಿನ ಮೇಲೆ ಬಂದ ಗುಮಾನಿಗೆ ಏನು ಸಾಕ್ಷಿ ತರುತ್ತಾನೆ? ನೆಟ್ಟಗೆ ಬದುಕಿದರೂ ‘ಇನ್ನೂ ಸಿಕ್ಕಿಬಿದ್ದಿಲ್ಲ’ ಎಂದಷ್ಟೇ ಅರ್ಥ.

1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ, ಇಂಥದೇ ಗುಮಾನಿ ಹೊತ್ತ ಖೇಡಿಯಾ ಶಬರ ಸಮುದಾಯದ ಬುಧನ್ ಶಬರ್ ಬಂಧನದಲ್ಲಿ ಸತ್ತರು. ನೇಣು ಹಾಕಿಕೊಂಡರೆಂದು ಅಧಿಕಾರಿಗಳು ಹೇಳಿದರು. ಶವ ಸುಟ್ಟುಹೋದರೆ ಮೈಮೇಲಿನ ಗುರುತುಗಳೂ ಹೋಗುತ್ತವೆಂದು ಊರವರಿಗೆ ಗೊತ್ತಿತ್ತು. ಹುಲ್ಲಿನ ಬೊಂಬೆಯೊಂದನ್ನು ಸುಟ್ಟು, ಶವವನ್ನು ಗುಟ್ಟಾಗಿ ಹೂತಿಟ್ಟರು. ಎರಡನೇ ಮರಣೋತ್ತರ ಪರೀಕ್ಷೆ ಸಾಧ್ಯವಾದದ್ದು ಹಾಗೆ. ಲೇಖಕಿ ಮಹಾಶ್ವೇತಾ ದೇವಿ ಬೆನ್ನಿಗೆ ನಿಂತರು. ಕಲ್ಕತ್ತಾ ಹೈಕೋರ್ಟ್ ಸಿಬಿಐ ತನಿಖೆಗೂ ಪತ್ನಿಗೆ ಪರಿಹಾರಕ್ಕೂ ಆದೇಶಿಸಿತು. ಸತ್ತವನ ಮೈಯನ್ನೂ ಪೊಲೀಸರಿಂದ ಕಾಪಾಡಬೇಕೆಂದು ಕಂಡ ಜನಕ್ಕೆ ನಂಬಿಕೆಯ ಪಾಠ ಹೇಳುವ ಬಾಯಿ ಯಾರಿಗಿದೆ?

ಠಾಣೆಯಲ್ಲಿ ಕೂತವರ ವಾದವನ್ನೂ ಕೇಳಬೇಕು. ಸಿಬ್ಬಂದಿ ಕಡಿಮೆ, ಪ್ರಕರಣ ಬೇಗ ಪತ್ತೆಯಾಗಬೇಕೆಂಬ ಒತ್ತಡ ಮೇಲಿನಿಂದ. ತನಿಖೆ ಎಲ್ಲಿಂದಲಾದರೂ ಶುರುವಾಗಬೇಕಲ್ಲ. ನಿಜ. ಆದರೆ ಯಾರನ್ನು ಪದೇ ಪದೇ ಎತ್ತಿಕೊಂಡು ಬರುತ್ತಾರೋ ಅವರ ಹೆಸರೇ ದಾಖಲೆಯಲ್ಲಿ ಪದೇ ಪದೇ ಬರುತ್ತದೆ. ಮುಂದಿನ ಸಲ ಆ ದಾಖಲೆಯೇ ಪುರಾವೆ. ಊರಿನ ಇನ್ನೊಂದು ಬೀದಿಯ ಕಳ್ಳ ಅಷ್ಟರಲ್ಲಿ ನಿಶ್ಚಿಂತೆಯಿಂದ ಇರುತ್ತಾನೆ.

2025ರಲ್ಲಿ ಕರ್ನಾಟಕದಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆ ಶುರುವಾಯಿತು. ಆಶಯ ಒಳ್ಳೆಯದೇ. ಆದರೆ ಅಜ್ಜನ ಕಾಲದಿಂದ ಪೊಲೀಸರು ಹುಡುಕಿಕೊಂಡು ಬರುತ್ತಿದ್ದ ಮನೆಯ ಬಾಗಿಲು ತಟ್ಟುವ ಮೊದಲು ಠಾಣೆಯ ಕಪಾಟು ತೆರೆದು ಆ ದಾಖಲೆಗಳನ್ನು ನೋಡಬೇಕು. ಹಿಂದುಳಿದ ಸಮುದಾಯದವರ ಮೇಲೆ ಯಾಂತ್ರಿಕವಾಗಿ ಹಿಸ್ಟರಿ ಶೀಟ್ (ಪೊಲೀಸರು ನಿಗಾ ಇಡುವವರ ಕಡತ) ತೆರೆಯುವುದರ ಬಗ್ಗೆ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಕಳವಳ ಹೇಳಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜೈಲು ಕೈಪಿಡಿಗಳಲ್ಲಿನ ಜಾತಿ ತಾರತಮ್ಯವನ್ನು ತಳ್ಳಿಹಾಕಿದೆ. ಹಿಸ್ಟರಿ ಶೀಟಿಗೆ ಹೆಸರು ಸೇರಿಸುವಾಗ ಕಾರಣ ಬರೆಯಲಿ, ಆ ಕಾರಣ ಹೆಸರಿನವನಿಗೆ ಗೊತ್ತಾಗಲಿ, ಇಂತಿಷ್ಟು ವರ್ಷಕ್ಕೊಮ್ಮೆ ಠಾಣೆಯ ಹೊರಗಿನವರೊಬ್ಬರು ಪರಿಶೀಲಿಸಲಿ. ತೆಗೆದುಹಾಕಿದ ಹೆಸರುಗಳ ವಿಷಯವನ್ನು ಆಯಾ ಮನೆಗೆ ಹೋಗಿ, ಲಿಖಿತವಾಗಿ, ಪೊಲೀಸರೇ ತಿಳಿಸಲಿ.